ರೂಮ್‌ಮೇಟ್ ಜೊತೆ ಮಾತೇ ನಿಂತಿದೆ, ಕೋ-ಆಪ್‌ಗೆ ಹೋಗಲೇ?

ಪ್ರಶ್ನೆ: ಮೇಡಂ, ನಾನು ಅಮೆರಿಕದಲ್ಲಿ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಡಾರ್ಮ್‌ನಲ್ಲಿ, ಅಂದರೆ ಕಾಲೇಜಿನ ಹಾಸ್ಟೆಲ್‌ನಲ್ಲಿ, ಇಬ್ಬರಿಗೆ ಒಂದು ರೂಮು. ರೂಮ್‌ಮೇಟ್ ರಾತ್ರಿ 2 ಗಂಟೆವರೆಗೂ ದೀಪ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಾಳೆ. ನನಗೆ ಬೆಳಿಗ್ಗೆ 8ಕ್ಕೆ ಲ್ಯಾಬ್. ಎರಡು ತಿಂಗಳು ಸುಮ್ಮನಿದ್ದೆ, ಈಗ ಮಾತೇ ನಿಂತಿದೆ. ವಿದ್ಯಾರ್ಥಿಗಳೇ ನಡೆಸುವ ಕೋ-ಆಪ್ ಮನೆಗೆ ಹೋಗಿಬಿಡಲೇ? ಅಲ್ಲಿ ಖರ್ಚೂ ಕಡಿಮೆಯಂತೆ.

ಉತ್ತರ: ಹೋಗಿ, ಆದರೆ ಈ ರೂಮಿನ ಮಾತು ಮುಗಿಸಿಕೊಂಡು ಹೋಗಿ. ನಾನು ಮುಗಿಸದೆ ಹೋದವಳು.

ನನ್ನ ರೂಮ್‌ಮೇಟ್ ಫೋನನ್ನು ಕಬ್ಬಿಣದ ಮಂಚದ ಸರಳಿಗೆ ತಾಗಿಸಿ ಇಡುತ್ತಿದ್ದಳು. ಬೆಳಿಗ್ಗೆ 5ಕ್ಕೆ ಅಲಾರಂ ಹೊಡೆದರೆ ಇಡೀ ಮಂಚ ಗುಂಯ್ ಅನ್ನುತ್ತಿತ್ತು. ಅವಳು ಏಳುತ್ತಿರಲಿಲ್ಲ, ನಾನು ಎದ್ದು ಕೂತಿರುತ್ತಿದ್ದೆ. ವರ್ಷವಿಡೀ ಬಾಯಿ ಬಿಡಲಿಲ್ಲ. ರೂಮು ಖಾಲಿ ಮಾಡುವ ದಿನ ಡಬ್ಬಗಳಿಗೆ ಟೇಪ್ ಹಚ್ಚುತ್ತಾ ಅವಳೇ ಹೇಳಿದಳು: 'ನೀನು ರಾತ್ರಿ ಬೀರು ಬಾಗಿಲು ಧಡ್ ಅಂತ ಹಾಕಿದಾಗೆಲ್ಲ ನನಗೆ ಎಚ್ಚರವಾಗುತ್ತಿತ್ತು. ಹೇಳಿದರೆ ನೊಂದುಕೊಳ್ಳುತ್ತೀಯ ಅಂತ ಸುಮ್ಮನಿದ್ದೆ.' ನನಗೆ ಆ ಬಾಗಿಲಿನ ಸದ್ದು ಒಂದು ದಿನವೂ ಕೇಳಿಸಿರಲಿಲ್ಲ.

ಆಮೇಲೆ ಕೋ-ಆಪ್ ಸೇರಿದೆ. ಈ ಮನೆಗಳ ಕಥೆ ನನಗೆ ಬಹಳ ಇಷ್ಟ. ಆರ್ಥಿಕ ಮಹಾಕುಸಿತದ ಕಾಲ, 1933ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 14 ವಿದ್ಯಾರ್ಥಿಗಳು ಸೇರಿ ಶುರುಮಾಡಿದ್ದು ಇವತ್ತಿಗೂ ನಡೆಯುತ್ತಿದೆ. ಅಡುಗೆ, ಪಾತ್ರೆ, ಗುಡಿಸುವುದು ಎಲ್ಲ ನಿವಾಸಿಗಳದೇ. ಅಲ್ಲಿ ವಾರಕ್ಕೆ ಸುಮಾರು 5 ಗಂಟೆ ಕೆಲಸದ ಪಾಳಿ ಇರುತ್ತದೆ. ಮಾಲೀಕನಿಗೆ ಲಾಭ ಕಟ್ಟಬೇಕಿಲ್ಲ, ಕೆಲಸಕ್ಕೆ ಸಂಬಳ ಕೊಡಬೇಕಾದದ್ದೂ ಕಡಿಮೆ, ಹಾಗಾಗಿ ಬಾಡಿಗೆ ಇಳಿಯುತ್ತದೆ. ತೀರ್ಮಾನಕ್ಕೆ ಒಬ್ಬರಿಗೆ ಒಂದು ಓಟು.

ಆದರೆ ಅಲ್ಲೂ ನಾನು ಹಳೆಯ ಚಾಳಿ ಬಿಡಲಿಲ್ಲ. ಬುಧವಾರ ರಾತ್ರಿ ದೊಡ್ಡ ಪಾತ್ರೆಗಳ ಪಾಳಿ ಇನ್ನೊಬ್ಬನದು. ಅವನು ಬರುತ್ತಿರಲಿಲ್ಲ. ತಳ ಹಿಡಿದ ಹಂಡೆಯೊಳಗೆ ಮೊಣಕೈವರೆಗೂ ಕೈ ತೂರಿಸಿಕೊಂಡು ಮೂರು ವಾರ ನಾನೇ ಉಜ್ಜಿದೆ, ಒಳಗೊಳಗೇ ಕುದಿಯುತ್ತಾ. ಕೊನೆಗೆ ಮನೆಯ ಮೀಟಿಂಗ್‌ನಲ್ಲಿ ಇಪ್ಪತ್ತು ಜನರ ಎದುರು ಹೇಳಿದೆ; ದನಿ ನಡುಗುತ್ತಿತ್ತು. ಅವನು ತನ್ನ ಪಾಳಿ ಗುರುವಾರ ಅಂದುಕೊಂಡಿದ್ದನಂತೆ! ಗೋಡೆಯ ಪಟ್ಟಿಯಲ್ಲಿ ಅವನ ಹೆಸರು ಎರಡು ದಿನಗಳ ನಡುವಿನ ಗೆರೆಯ ಮೇಲೇ ಇತ್ತು. ಎರಡು ನಿಮಿಷದಲ್ಲಿ ಸರಿಹೋಯಿತು.

ಅಲ್ಲಿ ಹೇಳುವುದಕ್ಕೊಂದು ಮೀಟಿಂಗ್ ಆದರೂ ಇತ್ತು. ಡಾರ್ಮ್ ರೂಮಿನಲ್ಲಿ ಅದನ್ನು ನೀವೇ ಮಾಡಿಕೊಳ್ಳಬೇಕು. ವರ್ಷದ ಆರಂಭದಲ್ಲಿ ರೂಮ್‌ಮೇಟ್ ಒಪ್ಪಂದ ಅಂತ ಒಂದು ಹಾಳೆ ತುಂಬಿರಬಹುದು. ಐದು ನಿಮಿಷದಲ್ಲಿ ಎಲ್ಲದಕ್ಕೂ 'ಓಕೆ' ಬರೆದಿರುತ್ತೀರಿ, ನಾವೂ ಬರೆದಿದ್ದೆವು. ನಿಮ್ಮ ಮಹಡಿಯ ರೆಸಿಡೆಂಟ್ ಅಸಿಸ್ಟೆಂಟ್‌ಗೆ (ಮಹಡಿಯವರನ್ನು ನೋಡಿಕೊಳ್ಳುವ ವಿದ್ಯಾರ್ಥಿ) ಹೇಳಿ ಅದನ್ನು ಮತ್ತೆ ಹೊರಗೆ ತೆಗೆಸಿ. ಅವರು ಇರುವುದೇ ಇದಕ್ಕೆ. ಚಾಡಿ ಹೇಳಿದ ಹಾಗಾಗುವುದಿಲ್ಲ.

ಕೋ-ಆಪ್‌ಗೆ ಅರ್ಜಿ ಹಾಕುವ ಮುಂಚೆ ಡಾರ್ಮ್ ಕರಾರು ಓದಿ. ಎಷ್ಟೋ ಕಡೆ ಅದು ಇಡೀ ವರ್ಷಕ್ಕೆ ಇರುತ್ತದೆ, ನಡುವೆ ಬಿಟ್ಟರೆ ದಂಡ. ಆ ಮನೆಗೆ ಒಂದು ರಾತ್ರಿ ಊಟಕ್ಕೆ ಹೋಗಿ, 10 ಗಂಟೆ ಮೇಲೆ ಸಿಂಕ್ ನೋಡಿ. ಪಾಳಿ ತಪ್ಪಿಸಿದವರಿಗೆ ಏನು ಮಾಡುತ್ತೀರಿ ಅಂತ ಕೇಳಿ.

ರೂಮ್‌ಮೇಟ್ ಜೊತೆ ಮಾತ್ರ ಈ ವಾರವೇ ಮಾತಾಡಿ, ರಾತ್ರಿ 2ಕ್ಕಲ್ಲ, ಹಗಲು ಹೊತ್ತಿನಲ್ಲಿ. 'ನನಗೆ 8ಕ್ಕೆ ಲ್ಯಾಬ್ ಇದೆ, 12ರ ಮೇಲೆ ಫೋನ್ ಹೊರಗೆ ತಗೊಂಡು ಹೋಗ್ತೀಯಾ?' ಅಷ್ಟೇ ಸಾಕು. ಆಮೇಲೆ, ನನ್ನಿಂದ ನಿನಗೇನು ತೊಂದರೆ ಅಂತ ಕೇಳಿ, ಅವಳು ಹೇಳಿ ಮುಗಿಸುವವರೆಗೂ ಸುಮ್ಮನಿರಿ.