ಪಾಸ್‌ವರ್ಡ್ ಕೇಳುವ ಪ್ರೋಗ್ರಾಮನ್ನು ಪೈಥಾನ್‌ನಿಂದ ನಡೆಸುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ನೆಟ್‌ವರ್ಕ್ ಸ್ವಿಚ್‌ಗಳಿಗೆ ಎಸ್‌ಎಸ್‌ಎಚ್‌ನಲ್ಲಿ (ದೂರದ ಸಾಧನಕ್ಕೆ ಸುರಕ್ಷಿತ ಸಂಪರ್ಕ ಕೊಡುವ ಪ್ರೋಗ್ರಾಮ್) ಲಾಗಿನ್ ಆಗಿ ಕಾನ್ಫಿಗರೇಶನ್ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್, ಬೇರೆ ಪ್ರೋಗ್ರಾಮ್ ನಡೆಸುವ ಪೈಥಾನ್‌ನ ಸಬ್‌ಪ್ರೊಸೆಸ್ ಮಾಡ್ಯೂಲ್ ಬಳಸಿದರೆ ಪಾಸ್‌ವರ್ಡ್ ಹತ್ತಿರವೇ ಯಾಕೆ ನಿಂತುಬಿಡುತ್ತದೆ? ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳಿಗೆಲ್ಲ ಒಂದೇ ಇಂಟರ್‌ಫೇಸ್ ಹೇಗೆ ಕೊಡುವುದು?

ಎಸ್‌ಎಸ್‌ಎಚ್ ಪಾಸ್‌ವರ್ಡನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದುವುದಿಲ್ಲ, ನೇರವಾಗಿ ಟರ್ಮಿನಲ್‌ನಿಂದ ಓದುತ್ತದೆ. ಸಬ್‌ಪ್ರೊಸೆಸ್‌ನ ಪೈಪ್‌ಗೆ ನೀವು ಏನು ಬರೆದರೂ ಅದರ ಕಣ್ಣಿಗೆ ಬೀಳದು. ಪೆಕ್ಸ್‌ಪೆಕ್ಟ್ ಲೈಬ್ರರಿ ಪಿಟಿವೈ ಎಂಬ ಕೃತಕ ಟರ್ಮಿನಲ್ ತೆರೆದು, ಅದರೊಳಗೆ ಪ್ರೋಗ್ರಾಮನ್ನು ಓಡಿಸುತ್ತದೆ. ಹಾಗಾಗಿ ಇಲ್ಲಿ ಅದೇ ಸರಿ.

ಸ್ಪಾನ್ (ಪ್ರೋಗ್ರಾಮನ್ನು ಶುರುಮಾಡುವ ಪೆಕ್ಸ್‌ಪೆಕ್ಟ್ ಕರೆ) ಮಾಡುವಾಗಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಡಿ. ಇಲ್ಲದಿದ್ದರೆ ಸ್ಟ್ರಿಂಗ್ ಬದಲು ಬೈಟ್ಸ್ ಬರುತ್ತವೆ. ಸ್ಪಾನ್ ತಾನಾಗಿ ಶೆಲ್ ತೆರೆಯುವುದಿಲ್ಲ, ಆದ್ದರಿಂದ ಕಮಾಂಡಿನಲ್ಲಿ ಪೈಪ್, ರೀಡೈರೆಕ್ಟ್, ನಕ್ಷತ್ರ ಚಿಹ್ನೆ ಕೆಲಸ ಮಾಡವು. ಅವು ಬೇಕಿದ್ದರೆ ಬ್ಯಾಶ್‌ಗೆ ಮೈನಸ್ ಸಿ ಕೊಟ್ಟು ಅದರ ಮೂಲಕ ಓಡಿಸಿ.

ಹೆಚ್ಚಿನವರು ಎಡವುವುದು ಎಕ್ಸ್‌ಪೆಕ್ಟ್ ಕರೆಯಲ್ಲಿ, ಅಂದರೆ ಔಟ್‌ಪುಟ್‌ನಲ್ಲಿ ಇಂಥ ಪಠ್ಯ ಬರುವವರೆಗೆ ಕಾಯುವ ಕರೆಯಲ್ಲಿ. ಪಾಸ್‌ವರ್ಡ್ ಪ್ರಾಂಪ್ಟ್ ಒಂದನ್ನೇ ಕಾಯಬೇಡಿ. ಹೊಸ ಹೋಸ್ಟ್ ಆದರೆ ಎಸ್‌ಎಸ್‌ಎಚ್ ಮೊದಲು ಕೀ ಒಪ್ಪಿಗೆಯೇ ಎಂದು ಕೇಳುತ್ತದೆ. ಪಾಸ್‌ವರ್ಡ್ ತಪ್ಪಿದ್ದರೆ ಪರ್ಮಿಷನ್ ಡಿನೈಡ್ ಎನ್ನುತ್ತದೆ. ಸಂಪರ್ಕವೇ ಕಡಿದರೆ ಇಒಎಫ್ (ಔಟ್‌ಪುಟ್ ಮುಗಿಯಿತು ಎಂಬ ಸೂಚನೆ). ಇವೆಲ್ಲವನ್ನೂ ಟೈಮ್‌ಔಟ್ ಜೊತೆ ಒಂದೇ ಲಿಸ್ಟಿನಲ್ಲಿ ಕೊಡಿ. ಯಾವುದು ಹೊಂದಿತೋ ಅದರ ಇಂಡೆಕ್ಸ್ ವಾಪಸ್ ಬರುತ್ತದೆ. ಟೈಮ್‌ಔಟ್ ಲಿಸ್ಟಿನಲ್ಲಿ ಇಲ್ಲದಿದ್ದರೆ, ಡೀಫಾಲ್ಟ್ 30 ಸೆಕೆಂಡ್ ಕಾದು ಎಕ್ಸೆಪ್ಶನ್ ಎಸೆಯುತ್ತದೆ.

ಪ್ಯಾಟರ್ನ್ ಬರೆಯುವಾಗ ಡಾಲರ್ ಚಿಹ್ನೆಯನ್ನು ಸಾಲಿನ ಕೊನೆ ಎಂದು ನಂಬಬೇಡಿ. ಔಟ್‌ಪುಟ್ ತುಣುಕು ತುಣುಕಾಗಿ ಬರುವುದರಿಂದ, ಆ ಕ್ಷಣಕ್ಕೆ ಬಂದಷ್ಟರ ಕೊನೆಯೇ ಅದಕ್ಕೆ ಕೊನೆ. ಟರ್ಮಿನಲ್ ಸಾಲು ಮುರಿಯುವುದು ಬ್ಯಾಕ್‌ಸ್ಲ್ಯಾಶ್ ಆರ್, ಬ್ಯಾಕ್‌ಸ್ಲ್ಯಾಶ್ ಎನ್ ಎರಡರಿಂದ, ಅದನ್ನೇ ಬರೆಯಿರಿ. ಪ್ರಾಂಪ್ಟ್‌ನಲ್ಲಿ ವಿಶೇಷ ಚಿಹ್ನೆಗಳಿದ್ದರೆ ಎಕ್ಸ್‌ಪೆಕ್ಟ್ ಎಕ್ಸಾಕ್ಟ್ ಬಳಸಿ, ರೆಗ್ಯುಲರ್ ಎಕ್ಸ್‌ಪ್ರೆಶನ್ ಗೋಜೇ ಬೇಡ. ಉತ್ತರ ಬಿಫೋರ್‌ನಲ್ಲಿ (ಹೊಂದಿದ ಪಠ್ಯಕ್ಕಿಂತ ಮೊದಲು ಬಂದದ್ದನ್ನು ಇಡುವ ಆಟ್ರಿಬ್ಯೂಟ್) ಸಿಗುತ್ತದೆ, ಆದರೆ ಟರ್ಮಿನಲ್ ಎಕೋ ಮಾಡುವುದರಿಂದ ಅದರ ಮೊದಲ ಸಾಲು ಸಾಮಾನ್ಯವಾಗಿ ನೀವು ಕಳಿಸಿದ ಕಮಾಂಡೇ; ಅದನ್ನು ತೆಗೆದು ಉಳಿಸಿ. ಉದ್ದದ ಕಾನ್ಫಿಗರೇಶನ್‌ಗೆ ಸ್ವಿಚ್ ಮಧ್ಯದಲ್ಲಿ ಮೋರ್ ಎಂದು ನಿಲ್ಲುತ್ತದೆ. ಸಿಸ್ಕೋದಲ್ಲಾದರೆ ಮೊದಲೇ ಟರ್ಮಿನಲ್ ಲೆಂತ್ 0 ಕಳಿಸಿ.

ಏನಾಗುತ್ತಿದೆ ಎಂದು ತಿಳಿಯದಿದ್ದರೆ ಲಾಗ್‌ಫೈಲ್ ರೀಡ್‌ಗೆ ಸಿಸ್ ಎಸ್‌ಟಿಡಿಔಟ್ ಹಚ್ಚಿ ನೋಡಿ. ಬರೀ ಲಾಗ್‌ಫೈಲ್ ಕೊಟ್ಟರೆ ನೀವು ಕಳಿಸುವ ಪಾಸ್‌ವರ್ಡೂ ಅದರಲ್ಲಿ ದಾಖಲಾಗುತ್ತದೆ, ಇದನ್ನು ದಯವಿಟ್ಟು ಮರೆಯಬೇಡಿ. ವಿಂಡೋಸ್‌ನಲ್ಲಿ ಸ್ಪಾನ್ ಇಲ್ಲ. ಅಲ್ಲಿರುವ ಪೋಪೆನ್ ಸ್ಪಾನ್ ಪೈಪ್ ಆಧಾರಿತ, ಪಾಸ್‌ವರ್ಡ್ ಸಮಸ್ಯೆ ಹಾಗೇ ಉಳಿಯುತ್ತದೆ. ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಒಳಗೆ ಓಡಿಸಿ.

ಇನ್ನು ಇಂಟರ್‌ಫೇಸ್. ಲಾಗಿನ್, ಬ್ಯಾಕಪ್, ಮುಚ್ಚು ಎಂಬ ಮೂರೇ ಮೆಥಡ್ ಸಾಕು. ಕ್ಲಾಸ್‌ಗಳೆಲ್ಲ ನಿಮ್ಮವೇ ಆದರೆ ಪೈಥಾನ್‌ನದೇ ಎಬಿಸಿ (ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್) ಸಾಲುತ್ತದೆ: ಅಬ್‌ಸ್ಟ್ರಾಕ್ಟ್ ಎಂದು ಗುರುತಿಸಿದ ಮೆಥಡ್ ಬಿಟ್ಟುಹೋದರೆ ಆಬ್ಜೆಕ್ಟ್ ಸೃಷ್ಟಿಸುವಾಗಲೇ ಟೈಪ್ ಎರರ್. ಬೇರೆಯವರ ಕ್ಲಾಸನ್ನು ಮುಟ್ಟದೆ ಸೇರಿಸಬೇಕು, ಒಂದು ಇಂಟರ್‌ಫೇಸನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರ್ ಬೇಕು ಎಂದರೆ ಝೋಪ್ ಇಂಟರ್‌ಫೇಸ್ ಲೈಬ್ರರಿ ತೆಗೆದುಕೊಳ್ಳಿ. ಟ್ವಿಸ್ಟೆಡ್ ಎಂಬ ನೆಟ್‌ವರ್ಕ್ ಫ್ರೇಮ್‌ವರ್ಕ್ ಬಳಸುವುದೂ ಅದನ್ನೇ. ಅಲ್ಲಿ ಇಂಟರ್‌ಫೇಸ್ ಒಳಗಿನ ಮೆಥಡ್‌ಗಳಿಗೆ ಸೆಲ್ಫ್ ಬರೆಯುವಂತಿಲ್ಲ. ಇಂಪ್ಲಿಮೆಂಟರ್ ಡೆಕೊರೇಟರ್ ಹಾಕಿದ ಮಾತ್ರಕ್ಕೆ ಮೆಥಡ್‌ಗಳು ಇವೆಯೇ ಎಂದು ಅದು ನೋಡುವುದಿಲ್ಲ, ಅದು ಬರೀ ಘೋಷಣೆ. ನಿಜವಾದ ಪರೀಕ್ಷೆ ವೆರಿಫೈ ಆಬ್ಜೆಕ್ಟ್ ಮಾಡುತ್ತದೆ, ಆರ್ಗ್ಯುಮೆಂಟ್ ಹೊಂದಾಣಿಕೆ ಸಮೇತ. ಅದನ್ನು ಟೆಸ್ಟ್‌ಗಳಲ್ಲಿ ಕರೆಯಿರಿ, ಸ್ವಿಚ್ ಇಲ್ಲದೆ ಓಡುವ ನಕಲಿ ಕ್ಲಾಸ್‌ಗೂ ಸೇರಿಸಿ.

ಪೆಕ್ಸ್‌ಪೆಕ್ಟ್‌ನ ಟೈಮ್‌ಔಟ್, ಇಒಎಫ್ ಎಕ್ಸೆಪ್ಶನ್‌ಗಳು ಈ ಮೆಥಡ್‌ಗಳಿಂದ ಹೊರಬರದಂತೆ ಒಳಗೇ ಹಿಡಿದು, ನಿಮ್ಮದೇ ಲಾಗಿನ್ ಎರರ್, ಸಂಪರ್ಕ ಎರರ್ ಆಗಿ ಎಸೆಯಿರಿ. ಆಗ ನಾಳೆ ಯಾವುದೋ ಸ್ವಿಚ್‌ಗೆ ಪರಮಿಕೋ (ಪೈಥಾನ್‌ನ ಎಸ್‌ಎಸ್‌ಎಚ್ ಲೈಬ್ರರಿ) ಬಳಸಿದರೂ ಕರೆಯುವ ಕೋಡ್ ಬದಲಿಸಬೇಕಿಲ್ಲ.