ಅಪ್ಪ-ಅಮ್ಮ ಸಿಂಗಪುರಕ್ಕೆ ಬರುವಾಗ

ಜಯನಗರದಿಂದ ಅಪ್ಪ-ಅಮ್ಮ ಮೊದಲ ಸಲ ಸಿಂಗಪುರಕ್ಕೆ ಬರ್ತಿದ್ದಾರೆ, ಸೆಖೆ ತಡೀತಾರಾ ಅಂತ ಕೇಳಿದ್ದೀರಿ. ತಡೀತಾರೆ, ಆದರೆ ಮೊದಲ ವಾರ ಜಾಸ್ತಿ ಓಡಾಟ ಇಟ್ಕೋಬೇಡಿ. ಬೆಂಗಳೂರು 900 ಮೀಟರ್ ಎತ್ತರದ ಊರು, ಸಂಜೆ ಆದ್ರೆ ತಂಪು. ಸಿಂಗಪುರದಲ್ಲಿ ರಾತ್ರಿಯೂ 25 ಡಿಗ್ರಿ ಆಸುಪಾಸು, ಬೆವರು ಆರೋದೇ ಇಲ್ಲ. ನಾನು ಅಲ್ಲಿದ್ದಾಗ ನಮ್ಮಮ್ಮನಿಗೆ ಏಸಿ ಹಾಕಿದ್ರೆ ಮಂಡಿನೋವು, ಆಫ್ ಮಾಡಿದ್ರೆ ನಿದ್ದೆ ಇಲ್ಲ. 27ಕ್ಕಿಟ್ಟು ಫ್ಯಾನ್ ಸಣ್ಣಗೆ ಬಿಟ್ಟ ಮೇಲೆ ಸರಿಹೋಯ್ತು.

ಅಲ್ಲಿ ಬೆಳಕು ಹರಿಯೋದೇ ಏಳರ ಹೊತ್ತಿಗೆ. ಐದಕ್ಕೆ ಎದ್ದು ವಾಕಿಂಗ್ ಹೋಗೋ ಅಪ್ಪಂದಿರು ಚಡಪಡಿಸ್ತಾರೆ. ಬೊಟಾನಿಕ್ ಗಾರ್ಡನ್ಸ್ ಬೆಳಗ್ಗೆ ಐದಕ್ಕೇ ತೆರೆಯುತ್ತೆ, ಟಿಕೆಟ್ ಇಲ್ಲ. ಒಂದೆರಡು ದಿನ ಜೊತೆಗೆ ಹೋಗಿ ದಾರಿ ತೋರಿಸಿ, ಆಮೇಲೆ ಅವರೇ ಹೋಗಲಿ. ಮಕ್ಕಳ ಬಿಡುವಿಗೆ ಕಾಯ್ತಾ ಸೋಫಾ ಮೇಲೆ ಕೂರೋದಿದೆಯಲ್ಲ, ಸೆಖೆಗಿಂತ ಅದೇ ಅವರನ್ನ ಹೆಚ್ಚು ಕುಗ್ಗಿಸುತ್ತೆ.

ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ, ಪಾಯಸಕ್ಕೆ ಅಂತ ಗಸಗಸೆ ಕಟ್ಟಿಕೊಂಡು ಬರೋದು ಬೇಡ, ಅಲ್ಲಿ ಅದಕ್ಕೆ ನಿಷೇಧ ಇದೆ. ಬಿಸಿಬೇಳೆಬಾತ್ ಪುಡಿಗೂ ಗಸಗಸೆ ಹಾಕೋ ಅಭ್ಯಾಸವಿದ್ರೆ ಈ ಸಲ ಬಿಟ್ಟು ಪುಡಿ ಮಾಡಲಿ. ಕರಿಬೇವು, ತೆಂಗಿನಕಾಯಿ, ಬಾಳೆಎಲೆ ಎಲ್ಲ ಲಿಟ್ಲ್ ಇಂಡಿಯಾದ ಟೆಕ್ಕಾ ಮಾರ್ಕೆಟ್‌ನಲ್ಲೇ ಸಿಗುತ್ತೆ.