ಡೋಟಾ 2ರಲ್ಲಿ ಎಲ್ಲರಿಗಿಂತ ಬಲಶಾಲಿ ಹೀರೋ ಯಾರು?

ಐವರ ಎರಡು ತಂಡಗಳು ಸೆಣಸುವ ಆನ್‌ಲೈನ್ ಆಟ ಡೋಟಾ 2. ಅದರಲ್ಲಿ ಪ್ರತಿ ಆಟಗಾರ ನಡೆಸುವ ಪಾತ್ರವೇ ಹೀರೋ. ಹೊಸದಾಗಿ ಡೋಟಾ 2 ಆಡುತ್ತಿದ್ದೇನೆ, ಗೆಲುವಿನ ಶೇಕಡಾವಾರು ಪಟ್ಟಿಯಲ್ಲಿ ಮೇಲಿರುವ ಹೀರೋವನ್ನು ಕಲಿತರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಆ ಪಟ್ಟಿಯಲ್ಲಿ ಹೀರೋನ ಬಲದ ಜೊತೆಗೆ ಅವನನ್ನು ಆಡಿಸುವವರ ಕೈಚಳಕವೂ ಬೆರೆತಿರುತ್ತದೆ.

ಮೀಪೋನನ್ನೇ ನೋಡಿ. ಅವನಿಗೆ ಹಲವು ದೇಹ, ಒಂದೇ ಪ್ರಾಣ. ಯಾವ ಒಂದು ಮೀಪೋ ಸತ್ತರೂ ಎಲ್ಲವೂ ಸಾಯುತ್ತವೆ. ಹಾಗಾಗಿ ಹೊಸಬರು ಅವನ ತಂಟೆಗೇ ಹೋಗುವುದಿಲ್ಲ. ಕೈ ಪಳಗಿದವರಷ್ಟೇ ಆಡುತ್ತಾರೆ, ಅಂಕಿ ಏರುತ್ತದೆ. ಅದನ್ನು ನಂಬಿ ನೀವು ಆರಿಸಿಕೊಂಡರೆ ತಿಂಗಳುಗಟ್ಟಲೆ ಸೋಲುತ್ತೀರಿ.

ಐಓ ಎಂಬ ಹೀರೋನದು ಇದಕ್ಕೆ ತದ್ವಿರುದ್ಧ. ಬಹುಕಾಲ ಸಾಮಾನ್ಯ ಆಟಗಳ ಪಟ್ಟಿಯಲ್ಲಿ ಅದು ತಳದಲ್ಲೇ ಇತ್ತು, ಆದರೆ ವೃತ್ತಿಪರ ತಂಡಗಳು ಅದನ್ನು ಹುಡುಕಿ ಹುಡುಕಿ ಆರಿಸುತ್ತಿದ್ದವು. 2019ರಲ್ಲಿ ಶಾಂಘೈಯಲ್ಲಿ ನಡೆದ, ಡೋಟಾ 2ರ ವಿಶ್ವ ಚಾಂಪಿಯನ್‌ಷಿಪ್ ಆದ ದಿ ಇಂಟರ್‌ನ್ಯಾಷನಲ್‌ನಲ್ಲಿ ಓಜಿ ತಂಡದ ಆಟಗಾರ ಅನಾ, ಎಲ್ಲರೂ ಬರೀ ಸಹಾಯಕನೆಂದುಕೊಂಡಿದ್ದ ಈ ಹೀರೋವನ್ನು ತಂಡದ ಮುಖ್ಯ ದಾಳಿಕಾರನನ್ನಾಗಿ ಆಡಿಸಿದರು. ಓಜಿ ಸತತ ಎರಡನೇ ಬಾರಿ ಪ್ರಶಸ್ತಿ ಗೆದ್ದಿತು.

ಐಓ ಏಕೆ ಹೀಗೆ ಎಂಬುದು ನನಗೆ ಅರ್ಥವಾದದ್ದು ತಮ್ಮನ ಜೊತೆ ಐಓ ಆಡುವಾಗ. ಟೆದರ್ ಎಂಬ ಬೆಳಕಿನ ಎಳೆಯಿಂದ ಅವನ ಹೀರೋವನ್ನು ನನಗೆ ಕಟ್ಟಿಕೊಂಡು, ದೂರದ ಜಾಗಕ್ಕೆ ಒಮ್ಮೆಲೇ ಸಾಗಿಸುವ ರಿಲೊಕೇಟ್ ಒತ್ತಿ, ಇಬ್ಬರೂ ಎದುರಾಳಿಗಳ ನಡುವೆ ಇಳಿದೆವು. 12 ಸೆಕೆಂಡಿಗೆ ಐಓ ಹೊರಟ ಜಾಗಕ್ಕೆ ತಾನಾಗಿ ಮರಳುತ್ತದೆ. ತಮ್ಮ ಓಡುತ್ತಿದ್ದ ಒಬ್ಬನ ಬೆನ್ನು ಹತ್ತಿದ, ಎಳೆ ಕಡಿಯಿತು. ನಾನೊಬ್ಬನೇ ಮರಳಿದೆ, ಅವನು ಐವರ ಮಧ್ಯೆ ಸಿಕ್ಕಿಬಿದ್ದ. ಅಂದಿನಿಂದ ನಾನು ಪ್ರತಿ ಸಲ "ಹತ್ತು, ಹನ್ನೊಂದು" ಎಂದು ಗಟ್ಟಿಯಾಗಿ ಎಣಿಸುತ್ತೇನೆ, ಅವನು ಬೇಟೆ ಬಿಟ್ಟು ನನ್ನ ಬಳಿ ಓಡಿ ಬರುತ್ತಾನೆ. ಹೀರೋ ಅದೇ, ಅಂಕಿಗಳೂ ಅವೇ, ಈಗ ಗೆಲ್ಲುತ್ತೇವೆ. ಅಪರಿಚಿತರ ಜೊತೆ ಮಾತ್ರ ನಾನು ಇಂದಿಗೂ ಐಓ ಆರಿಸುವುದಿಲ್ಲ.

ನೀವು ರೇಥ್ ಕಿಂಗ್‌ನಿಂದ ಶುರುಮಾಡಿ. ಒಮ್ಮೆ ಸತ್ತರೂ ಅಲ್ಲೇ ಎದ್ದು ನಿಲ್ಲುತ್ತಾನೆ, ಆದ್ದರಿಂದ ತಪ್ಪು ಮಾಡಿ ಕಲಿಯಲು ಅವಕಾಶ ಸಿಗುತ್ತದೆ. ಒತ್ತಬೇಕಾದ ಗುಂಡಿಗಳೂ ಕಡಿಮೆ, ಕಣ್ಣು ನಕ್ಷೆಯ ಮೇಲಿರುತ್ತದೆ. ನಿಮ್ಮ ಜೊತೆ ದಿನವೂ ಆಡುವ ಗೆಳೆಯರಿದ್ದರೆ ಅವರು ಯಾವ ಹೀರೋಗಳನ್ನು ಆಡುತ್ತಾರೆಂದು ಬರೆಯಿರಿ, ಅವರಿಗೆ ಹೊಂದುವ ಒಂದೆರಡು ಹೀರೋಗಳನ್ನು ಖಂಡಿತ ಸೂಚಿಸುತ್ತೇನೆ.